ಮಾಜಾಳಿ ದಂಡೆಗೆ ಬಂದ ಬಾಗಿಲು

ಚೌತಿಯ ಮುಂಚಿನ ಗಾಳಿ ಇಳಿದ ಮರುದಿನ
ಶೇವಂತಿ ಹರಿಕಂತ್ರ ಹೇಳಿಕಳಿಸಿದಳು:
ನೀನು ಫ್ರಿಜ್ಜಿನವನಲ್ಲವಾ, ಬಂದು ನೋಡು,
ಸಮುದ್ರ ಒಂದು ಬಾಗಿಲು ತಂದುಹಾಕಿದೆ,
ಮನೆ ಎಲ್ಲಿದೆಯೋ ಗೊತ್ತಿಲ್ಲ.

ಹೋದೆ. ಬಾಗಿಲೇ ಹೌದು. ಆಳೆತ್ತರ.
ರಬ್ಬರಿನ ಅಂಚಿಗೆ ಸಣ್ಣ ಚಿಪ್ಪುಗಳು ಕಚ್ಚಿದ್ದವು,
ಮೊಟ್ಟೆಯಿಡುವ ಕುಳಿಗಳಲ್ಲಿ
ಒಂದೊಂದು ಏಡಿಮರಿ, ಬಾಡಿಗೆ ಕೊಡದೆ.
ಎಲ್ಲಿದು ಇದು, ಹೇಳು ನೋಡುವಾ, ಅಂದಳು.
ಬಿಜಾಗರಿ ಮುಟ್ಟಿ ನೋಡಿದೆ. ಸಡಿಲಿರಲಿಲ್ಲ.
ಎಲ್ಲಿಯದೋ ಹೇಳಲಾರೆ;
ಕೆಟ್ಟಿತೆಂದು ಎಸೆದದ್ದಲ್ಲ, ಅಷ್ಟು ಹೇಳಬಲ್ಲೆ.

ಹನ್ನೊಂದು ವರ್ಷ ಕುವೈತಿನಲ್ಲಿ ನನಗೆ ಇದೇ ಕೆಲಸ.
ಶುಕ್ರವಾರ ಬೆಳಿಗ್ಗೆ ಫುಟ್‌ಪಾತಿನ ಮೇಲೆ ನಿಂತಿರುತ್ತಿದ್ದವು,
ಶಾಲೆ ಬಿಟ್ಟ ಮೇಲೂ ಯಾರೂ ಕರೆಯಲು ಬಾರದ ಮಕ್ಕಳ ಹಾಗೆ.
ಒಂದರ ಹೊಟ್ಟೆ ಇನ್ನೂ ತಣ್ಣಗಿತ್ತು.
ಒಳಗೆ ಅರ್ಧ ಲಿಂಬೆಹಣ್ಣು.
ಕೆಟ್ಟಿದೆಯೇ ಅಮ್ಮಾ ಎಂದರೆ
ಇಲ್ಲ, ಅಡುಗೆಮನೆಗೆ ಬಣ್ಣ ಬದಲಾಯಿತು, ಅಂದರು.
ಒಳ್ಳೆಯ ಹೆಂಗಸು. ನನಗೆ ಚಹಾ ಕೊಟ್ಟವರು.
ಹೊಸದಕ್ಕೆ ಎರಡು ಬಾಗಿಲು. ತುಂಬಲು ಅಂಗಡಿಗೆ ಹೋದರು,
ತಂದದ್ದು ಹಿಡಿಸಲಿಲ್ಲವೆಂದು
ಹಿಂದಿನ ಕೋಣೆಗೆ ಇನ್ನೊಂದು ಬಂತು.

ಹಸಿವೆಗಾಗಿ ತೆರೆಯುವುದಲ್ಲ ಅದನ್ನು.
ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ,
ಮಾತಿನ ನಡುವೆ ಎದ್ದು ಬಂದು ತೆರೆಯುತ್ತಾರೆ.
ತೆರೆದೊಡನೆ ಬೆಳಕು ಬರುತ್ತದಲ್ಲ,
ಒಳಗೆ ಯಾರೋ ಕಾದಿದ್ದ ಹಾಗೆ, ಅದಕ್ಕೆ.
ಸ್ವಲ್ಪ ನಿಲ್ಲುತ್ತಾರೆ. ಏನೂ ತೆಗೆಯದೆ ಮುಚ್ಚುತ್ತಾರೆ.
ಬೇಕಾದದ್ದು ಅಲ್ಲಿರುವುದಿಲ್ಲ,
ಇನ್ನೂ ದೊಡ್ಡದರಲ್ಲಿ ಇದ್ದೀತು.
ಹಬ್ಬುವಾಡದ ನನ್ನ ಮನೆಯಲ್ಲೂ
ಈಗ ಹಾಗೆ ನಿಲ್ಲುವವನು ನಾನೇ.

ಶೇವಂತಿಗೆ ಇದೆಲ್ಲ ಹೇಳಲಿಲ್ಲ.
ಅವಳು ಬೇರೆ ಲೆಕ್ಕದಲ್ಲಿದ್ದಳು:
ಮೊದಲು ದೇವಗಡದ ದೀಪ ಕಾಣುವಲ್ಲೇ ಬಲೆ ಬಿಡುತ್ತಿದ್ದರು,
ಈಗ ಎರಡು ರಾತ್ರಿ ದೂರ. ಡೀಸೆಲ್ ಹೆಚ್ಚು, ಐಸು ಹೆಚ್ಚು, ಮೀನು ಕಮ್ಮಿ.
ಬೆರಳುದ್ದದ ತಾರ್ಲೆ ಮರಿ ಬುಟ್ಟಿಗೆ ಬರುವುದೇ ಇಲ್ಲ,
ಬೈತಕೋಲದಿಂದ ನೇರ ಲಾರಿಗೆ, ಮೀನುಹಿಟ್ಟಿನ ಫ್ಯಾಕ್ಟರಿಗೆ;
ಅಲ್ಲಿಂದ ಯಾವುದೋ ಕೆರೆಯ ಸಿಗಡಿಯ ಹೊಟ್ಟೆಗೆ,
ಸಿಗಡಿ ಹಡಗು ಹತ್ತಿ
ಇಂಥದೇ ಒಂದು ಬಾಗಿಲ ಹಿಂದಕ್ಕೆ.
ಹಾಗಾದರೆ ನಮ್ಮ ಮೀನು ಹೊಕ್ಕ ಮನೆಯದೇ ಇದು,
ಅಂದು ನಕ್ಕಳು.
ನಗು ಎಲ್ಲಿ ಮುಗಿಯಿತೋ ತಿಳಿಯಲಿಲ್ಲ.

ಇಬ್ಬರೂ ಹಿಡಿದು ಎರಡು ಕಲ್ಲಿನ ಮೇಲೆ ಮಲಗಿಸಿದೆವು.
ಬಂಗಡೆ ಕೊಯ್ಯಲು ಕೂತಳು.
ಬೆಳ್ಳನೆಯ ಬಾಗಿಲ ಮೇಲೆ ರಕ್ತ, ಹುರುಪೆ, ನೊಣ.
ತಲೆಯೆತ್ತದೆ ಕೇಳಿದಳು:
ಹಳೆಯದೊಂದು ಫ್ರಿಜ್ಜು ಇದ್ದರೆ ನೋಡು.
ಮಧ್ಯಾಹ್ನ ದಾಟಿದರೆ ದಲಾಲಿ ಹೇಳಿದ್ದೇ ರೇಟು.
ಎಷ್ಟು ದೊಡ್ಡದು?
ಒಂದು ಬುಟ್ಟಿ ಹಿಡಿದರೆ ಸಾಕು.

ಅಂಗಡಿಯ ಹಿಂದೆ ಹದಿನಾಲ್ಕು ನಿಂತಿವೆ,
ನಮ್ಮ ಕಾರವಾರದವರೇ ಬದಲಾಯಿಸಿ ಬಿಟ್ಟುಹೋದವು,
ಎಲ್ಲವೂ ನಡೆಯುವಂಥವು.
ಟೇಪು ಹಿಡಿದು ಒಂದೊಂದನ್ನೇ ಅಳೆದೆ.
ಒಂದೂ
ಅವಳ ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ.