ಬಿಳೀ ಡಬ್ಬಿ, ನಂಬರ್ ಹದಿನೇಳು

ಡಬ್ಬಿ ಮ್ಯಾಲ ಹೆಸರಿಲ್ಲ. ಹದಿನೇಳು ಅಂತ, ಅಷ್ಟ.
ಒಳಗಿನ ಗುಳಿಗಿ ಔಷಧ ಇರಬಹುದು,
ಬರೇ ಹಿಟ್ಟೂ ಇರಬಹುದು.
ಕೊಡೋ ಡಾಕ್ಟರಿಗೂ ಗೊತ್ತಿಲ್ಲ, ನುಂಗೋ ಚೌಡೂಗೂ ಗೊತ್ತಿಲ್ಲ.
ಗೊತ್ತಿದ್ದ ಕಂಪ್ಯೂಟರ್ ಬಾಯಿ ಬಿಡೂದಿಲ್ಲ.
ಹಿಂಗ ನೋಡಿದ್ರನ ಖರೇ ತಿಳೀತೈತಂತ.
ಸಹಿ ಹಾಕೀನಿ, ಮೂರು ಕಡೆ.

ಗದಗಿನಿಂದ ಹುಬ್ಬಳ್ಳಿಗೆ ಮುಂಜಾನಿ ಪ್ಯಾಸೆಂಜರ್.
ಕಿಟಕಿ ಸೀಟು ಸಿಗದಿದ್ರ ಚೌಡು ಮಣಿಕಟ್ಟು ಕಚ್ಚಿಕೊಳ್ತಾನ,
ಅಲ್ಲಿ ತೊಗಲು ಎತ್ತಿನ ಹೆಗಲಿನಂಗ ಜಡ್ಡುಗಟ್ಟೇತಿ.
ಒಂಬತ್ತು ವರ್ಷ. ಅಗಲ ಕಿವಿ, ಉದ್ದ ಮಾರಿ,
ಯಾರ ಕಣ್ಣಾಗೂ ಕಣ್ಣಿಡೂದಿಲ್ಲ.
ಬೆಟಗೇರಿ ಓಣ್ಯಾಗ ನಾಕು ಮಗ್ಗ ಒಮ್ಮೆಲೇ ಬಡದ್ರ
ಕೌದಿಯೊಳಗ ಹೋಗಿ ಕುಂದರ್ತಾನ.
ತಾಸುಗಟ್ಟಲೆ ಒಂದ ಮಾತು:
ಲಾಳಿ ಎಲ್ಲಿ ಹೋತು, ಲಾಳಿ ಎಲ್ಲಿ ಹೋತು.

ಮೊದಲನೇ ಸಲ ಡಾಕ್ಟರ್ ಅಸ್ಮಾ ಹಾಳಿ ಮ್ಯಾಲ ವಂಶದ ಗಿಡ ಬರದ್ರು.
ಗಂಡಸಿಗೆ ಚೌಕ, ಹೆಂಗಸಿಗೆ ಗುಂಡ.
ನಿಮ್ಮ ತವರಿನ್ಯಾಗ ಯಾರಿಗರ ಕೈ ನಡುಗ್ತಿದ್ವೇನ್ರಿ?

ನಮ್ಮಪ್ಪ ಮಾಗುಂಡಪ್ಪ.
ಸೀರಿ ಅಂಚಿಗೆ ಅವನ ಕೈನ ಬೇಕು ಅಂತಿದ್ರು ಸಾವಕಾರ್ರು.
ಅರವತ್ತು ದಾಟಿದ ಮ್ಯಾಲ ಎಳಿ ಹಿಡಿಯಾಕ ಬರಲಿಲ್ಲ.
ಚಾ ಕಪ್ಪಿನಿಂದ ಬಸಿಗೆ, ಬಸಿಯಿಂದ ಧೋತರಕ್ಕ.
ನಡದ್ರ ಗೋಡಿ ಕಡೆ ವಾಲತಿದ್ದ.
ಕುಡೀತಾನ, ಅಂತು ಓಣಿ.
ನಮ್ಮವ್ವನೂ ಬಾಯಿ ಮೂಸಿ ನೋಡತಿದ್ಲು.
ಏನೂ ನಾರತಿರಲಿಲ್ಲ; ಅದಕ್ಕ ಇನ್ನಷ್ಟು ಸಂಶಯ.
ಹೊತ್ತುಕೊಂಡು ಹೋಗೂವಾಗೂ ಯಾರೋ ಅಂದ್ರು:
ಎಂಥಾ ಕೈ ಇತ್ತು, ಸೆರೆ ತಿಂತು.

ಡಾಕ್ಟರ್ ಅಪ್ಪನ ಚೌಕ ಅರ್ಧ ಕರೇ ಮಾಡಿದ್ರು,
ನನ್ನ ಗುಂಡದಾಗ ಒಂದು ಚುಕ್ಕಿ,
ಚೌಡೂನ ಚೌಕ ಪೂರಾ.
ಮೂರು ಅಕ್ಷರ ರಕ್ತದಾಗ ಮತ್ತ ಮತ್ತ ಬರದಾವಂತ,
ಅಪ್ಪನೊಳಗ ಎಂಬತ್ತು ಸಲ ಇರಬಹುದು,
ಚೌಡೂನೊಳಗ ನೂರಾರು,
ಲಾಳಿ ಎಲ್ಲಿ ಹೋತು ಅಂದಂಗ.
ನಾ ಅತ್ತೆ. ನೀರು ಕೊಟ್ಟು, ಇದರಾಗ ತಾಯಿ ತಪ್ಪಿಲ್ಲ, ಅಂದ್ರು.
ಹೆಂಗ ಹೇಳ್ಲಿ, ಆ ಅಳು ಮಗನ ಸಲುವಾಗಿ ಅಲ್ಲ.
ಆ ಹಾಳಿ ಮ್ಯಾಲ
ನಮ್ಮಪ್ಪ ಕುಡದಿರಲಿಲ್ಲ.

ಗುಳಿಗಿ ಸುರು ಆಗಿ ಹನ್ನೊಂದು ವಾರ.
ದಿನಾ ರಾತ್ರಿ ಬುಕ್ಕಿನ್ಯಾಗ ಗುರುತು ಹಾಕಬೇಕು:
ಎಷ್ಟು ಸಲ ಕಚ್ಚಿಕೊಂಡ, ಎಷ್ಟು ತಾಸು ಮಲಗಿದ, ಹೊಸಾ ಮಾತು ಎಷ್ಟು.
ಕಚ್ಚೂದು ಏಳರಿಂದ ಎರಡಕ್ಕ ಇಳದೈತಿ.
ಗುಳಿಗಿ ಹತ್ತೇತಿ, ಅಂತಾರ ಮನಿಯವ್ರು.
ಅತ್ತಿ ಬನಶಂಕರಿ ಹರಕಿ ಅಂತಾರ.
ಮಧ್ಯಾಹ್ನ ಮಗ್ಗ ನಿಂದರಿಸಿ ನಾ ಅವನ ಜೋಡಿ ಕಂಡಕಿ ಸುತ್ತಾಕ ಹತ್ತೇನಿ,
ಅದನ್ನ ಯಾರೂ ಲೆಕ್ಕಕ್ಕ ಹಿಡದಿಲ್ಲ.
ಮೊದಲ ಮಲಗೂ ಮುಂದ ಗೋಡಿಗೆ ಮಾರಿ ಮಾಡಿ
ಒಬ್ಬನ ನಗತಿದ್ದ. ಆ ನಗಿ ಹೋಗೇತಿ.
ಅದಕ್ಕ ಬುಕ್ಕಿನ್ಯಾಗ ಸಾಲಿಲ್ಲ.

ಇವತ್ತು ನರ್ಸಬಾಯಿ ಗುಳಿಗಿ ಎಣಿಸಿದ್ಲು. ಒಂದು ಕಡಿಮಿ.
ಖರೇ ಹೇಳಿದೆ: ಒಂದು ನಾ ತಿಂದೆ.
ಹಿಟ್ಟೋ ಔಷಧೋ ನಾಲಿಗಿಗೆ ತಿಳೀತೈತಿ ಅನಕೊಂಡಿದ್ದೆ.
ಕಹಿ ಇತ್ತು. ಅವತ್ತೊಂದು ರಾತ್ರಿ ನಿದ್ದಿ ಬಂತು.
ಡಾಕ್ಟರ್ ಬೈಲಿಲ್ಲ. ಹಂಗೆಲ್ಲ ತಿನ್ನಬ್ಯಾಡ್ರಿ, ಅಂದು
ಸ್ವಲ್ಪ ಹೊತ್ತು ಬಿಟ್ಟು,
ಎರಡನ್ನೂ ಕಹಿನ ಮಾಡಿರ್ತಾರ್ರಿ, ಅಂದ್ರು.

ಹೊಸಾ ಡಬ್ಬಿ, ಹೊಸಾ ಬುಕ್ಕು. ಸಂಜೀಕ ವಾಪಸ್.
ಅಣ್ಣಿಗೇರಿ ದಾಟಿದ ಮ್ಯಾಲ ಬಾಜೂ ಹಳಿಗೆ ಗೂಡ್ಸ್ ಬಂತು,
ಹಾರ್ನು ಹೊಡೀತು ಕಳ್ಳು ಹರಿಯೂವಂಗ.
ಚೌಡೂನ ಎರಡೂ ಕೈ ಮ್ಯಾಲೆದ್ದೂ.
ನಾ ಮಣಿಕಟ್ಟು ಹಿಡಿಯಾಕ ಹೋದೆ.
ಜೊಲ್ಲು ಹತ್ತಿದ ಅಂಗೈ ಎರಡೂ ಬಂದು
ನನ್ನ ಕಿವಿ ಒತ್ತಿ ಹಿಡದೂ,
ಕಡೇ ಡಬ್ಬಿ ಹೋಗೂ ತನಕ.

ರಾತ್ರಿ ಬುಕ್ಕು ತಗದೆ. ಮೊದಲನೇ ಹಾಳಿ, ಆರನೇ ಪ್ರಶ್ನಿ:
ದೊಡ್ಡ ಸದ್ದು ಕೇಳಿದಾಗ ಕಿವಿ ಮುಚ್ಚಿದನೇ?
ಹೌದು, ಅಂತ ಗುರುತು ಹಾಕಿದೆ.
ಯಾರ ಕಿವಿ ಅಂತ ಅವರು ಕೇಳಿಲ್ಲ.