ಎರಡೂ ಕಿವಿ ಕಾಣಬೇಕು

ಮನಾಮಾದ ಚಿನ್ನದಂಗಡಿಗಳ ಹಿಂದಿನ ಓಣಿ,
ಹಾಶಿಮ್ ಖುಂಜಿಯ ಸ್ಟುಡಿಯೋ.
ಎಪ್ಪತ್ತೊಂದರಿಂದ ಕತ್ತಲಕೋಣೆ ನನ್ನದು.
ಪಾಸ್‌ಪೋರ್ಟಿಗೆ ಎರಡೂ ಕಿವಿ ಕಾಣಬೇಕು,
ನೆರಳು ಕೂಡದು, ಬೆವರು ಕೂಡದು.

ಸಿತ್ರಾದ ಎಣ್ಣೆಟ್ಯಾಂಕಿಗಳ ಕೆಲಸಕ್ಕೆ ಬಂದ ನಿಶಿವಾಕಿ
ರೋಲು ತೊಳೆಸಲು ಬಂದಾಗೆಲ್ಲ ತರುತ್ತಿದ್ದ
ತಮ್ಮ ದೇಶದ ಹಳೆಯ ಫೋಟೋ ಮಾಸಿಕಗಳನ್ನು.
ಖುಂಜಿ ಬಲದಿಂದ ತೆರೆದ, ಸರಾಗ, ಅವನ ಲಿಪಿಯ ರೂಢಿ.
ನಾನು ಎಡದಿಂದ.
ಕೊನೆಯೇ ನನಗೆ ಮೊದಲಾಯಿತು.

ಓದುಗರು ಕಳಿಸಿದ ಚಿತ್ರ, ಅಡಿಯಲ್ಲಿ ಇರುವೆಸಾಲಿನ ತೀರ್ಪು.
ಸುಟ್ಟ ಊರ ಮೇಲೆ ಎದ್ದ ಊರು,
ಸೋಲ್ಜರನ ಬೂಟಿನ ಪಕ್ಕ ಒಂದು ಗೆಣಸು,
ಓರೆ ರೈಲು, ಅರ್ಧ ಮುಖ, ಒಂದೇ ಕಿವಿ.
ನಮ್ಮಲ್ಲಾದರೆ ಸಂಬಳಕ್ಕೆ ಕತ್ತರಿ.
ಅವರಲ್ಲಿ ಪೂರ್ತಿ ಪುಟ!

ಒಂದು ಪುಟವಂತೂ ಬರೀ ಕಪ್ಪು,
ಕಪ್ಪಿನೊಳಗೆ ರಾಗಿಹಿಟ್ಟು ಚೆಲ್ಲಿದ ಹಾಗೆ ಕಣ.
ಮೂರು ತಿಂಗಳು ಅದನ್ನೇ ನೋಡಿ ಕೈ ಪಳಗಿಸಿದೆ.
ನಿಶಿವಾಕಿ ಓದಿ ನಕ್ಕ:
ಇದು ಡೆವಲಪರ್ ಪುಡಿಯ ಜಾಹೀರಾತು!

ನಕ್ಕವನು ಇನ್ನೊಂದು ಪುಟ ತಿರುವಿ ಸುಮ್ಮನಾದ.
ಸೇತುವೆ, ಕೆಳಗೆ ತಗಡಿನ ಗುಡಿಸಲ ಸಾಲು.
ಯಾವುದು ತನ್ನದೆಂದು ಬೆರಳಿಡಲಿಲ್ಲ.

ಆ ಜೂನಿನ ಶಮಾಲ್ ಗಾಳಿಯಲ್ಲಿ ಬಂದ
ಬಂದರಿನ ಹಮಾಲಿ ಮುರಾದ್, ರೆಪ್ಪೆ ತುಂಬ ಮರಳು.
ಒರೆಸಿಕೋ ಅಂದೆ.
ಅವನು ಕೈ ಎತ್ತುವಷ್ಟರಲ್ಲಿ ಒತ್ತಿಬಿಟ್ಟೆ.

ಲೆನ್ಸಿಗೆ ಮರಳು ಹೊಕ್ಕಿತೇ, ಖುಂಜಿ ಕೇಳಿದ.
ಹ್ಞೂಂ ಅಂದೆ.
ಇನ್ನೊಂದು ತೆಗೆದುಕೊಟ್ಟೆ, ತೊಳೆದ ಮುಖ, ಎರಡು ಕಿವಿ.
ಅದು ಅವನ ಜೊತೆ ಗಡಿ ದಾಟಿತು.

ಮೊದಲಿನದು ಇಲ್ಲೇ, ಮಾಸಿಕದ ಕಟ್ಟಿನೊಳಗೆ,
ಸೆಕೆಗೆ ಆ ಕಪ್ಪು ಜಾಹೀರಾತಿಗೆ ಅಂಟಿಕೊಂಡಿದೆ.
ಬಿಡಿಸಲು ಹೋದರೆ
ಎರಡೂ ಹರಿಯುತ್ತವೆ.