ನಾಲ್ಕು ಬೆರಳು

ಫ್ರೆಸ್ನೋದ ಬಾಡಿಗೆ ಅಡುಗೆಮನೆಯಲ್ಲಿ
ಕಿತ್ತಳೆಗೆ ಸೂಜಿ ಚುಚ್ಚಿ ಅಭ್ಯಾಸ,
ಹನ್ನೊಂದು ವರ್ಷ ಜೀವಂತ ಮೈಗೆ ಚುಚ್ಚಿದವಳು.

ಗದಗಿನ ಕಾಲೇಜಿನ ಮುದ್ರೆ ಬೇಕಂತೆ ಬೋರ್ಡಿಗೆ.
ಅಲ್ಲೀಗ ಟೈಲ್ಸ್ ಅಂಗಡಿ.
ಹಿತ್ತಲ ಗಿಡ ಮದ್ದಲ್ಲ, ಒಪ್ಪಿದೆ;
ಕಡಲು ದಾಟಿ ಬಂದದ್ದೂ ಅಲ್ಲವೇ?

ಹಗಲು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುತ್ತೇನೆ.
ನೋವು ಎಲ್ಲಿ ಎಂದು ಕೇಳುವಂತಿಲ್ಲ,
ವಿಮೆ ಕಾರ್ಡು ಎಲ್ಲಿ, ಅಷ್ಟೆ.
ನಿನ್ನೆ ಬಾದಾಮಿ ತೋಟದ ಎಸ್ತೆಲಾ ಕುಂಟುತ್ತ ಬಂದಳು.
ಪೆನ್ನು ಹಿಡಿದ ಕೈಯೊಳಗೆ
ನಮ್ಮ ಮಾಸ್ತರರು ಗದರಿದರು:
"ಮೊಣಕಾಲ ಕೆಳಗ ನಾಲ್ಕು ಬೆರಳು—
ನಿನ್ನವಲ್ಲಬೇ, ರೋಗಿಯವು!
ಒಬ್ಬರ ಮೈ ಇನ್ನೊಬ್ಬರ ಬೆರಳಿಂದ ಅಳೀಬಾರ್ದು."

ಬೋರ್ಡಿನವರೇ,
ನನ್ನ ಗಂಟೆಗಳನ್ನು ಯಾರ ಬೆರಳಲ್ಲಿ ಅಳೆದಿರಿ?

ಉತ್ತರಕ್ಕೆ ಎಂಟು ವಾರ.
ಕಿತ್ತಳೆ ತೂತುಗಳಲ್ಲಿ ರಸ ಜಿನುಗುತ್ತಿದೆ;
ಸುಲಿದು ತಿಂದುಬಿಡುತ್ತೇನೆ,
ಬೆಳಗಿಗೆ ಇನ್ನೊಂದು ಇದೆ.